ರಾಕಿ ಬಂದ, ಕೂಲಿಕಾರ ಎಲ್ಲಿ ಹೋದ?

2022ರ ಏಪ್ರಿಲ್ 17, ಭಾನುವಾರ. ಮೂಡಲಪಾಳ್ಯದಲ್ಲಿ ನಾವೊಂದು ಸಭೆ ಕರೆದಿದ್ದೆವು. ವಿಷಯ ಭವಿಷ್ಯನಿಧಿ. ಕಾಮಾಕ್ಷಿಪಾಳ್ಯದ ಲೇತ್ ಷಾಪುಗಳಲ್ಲಿ, ಸುಂಕದಕಟ್ಟೆಯ ಗಾರ್ಮೆಂಟ್ಸುಗಳಲ್ಲಿ ದುಡಿಯುವವರ ಸಂಬಳದಿಂದ ಹಣ ಹಿಡಿದು, ಅದನ್ನು ಕಟ್ಟದೆ ನುಂಗುವ ಮಾಲೀಕರಿದ್ದಾರೆ. ಅಂಥವರ ಮೇಲೆ ದೂರು ಕೊಡುವುದು ಹೇಗೆಂದು ತಿಳಿಸಬೇಕಾಗಿತ್ತು. ನಲವತ್ತು ಕುರ್ಚಿ ಬಾಡಿಗೆಗೆ ತರಿಸಿದ್ದೆವು. ಬಂದವರು ಆರು ಜನ. ಆ ಆರರಲ್ಲಿ ಒಬ್ಬ ಕುರ್ಚಿ ಅಂಗಡಿಯ ಹುಡುಗ, ಕುರ್ಚಿ ಎಣಿಸಿಕೊಂಡು ಹೋಗಲು ಕಾದು ಕುಳಿತಿದ್ದವನು.

ಉಳಿದವರೆಲ್ಲ ಎಲ್ಲಿ? ಸಿನಿಮಾಕ್ಕೆ. ಅದಕ್ಕೆ ಮೂರು ದಿನ ಮುಂಚೆ, ಅಂಬೇಡ್ಕರ್ ಜಯಂತಿಯ ದಿನವೇ, ‘ಕೆ.ಜಿ.ಎಫ್.’ ಚಿತ್ರದ ಎರಡನೆಯ ಅಧ್ಯಾಯ ಬಿಡುಗಡೆಯಾಗಿತ್ತು.

ನಾವು ಸಂಘಟನೆಯ ಕೆಲಸಕ್ಕೆ ಬರುವ ಮುಂಚೆ ಒಂದು ಚಿಕ್ಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆಗ ನಮ್ಮ ಕೈಲಿ ಮಗ್ಗಿ ಕಲಿತ ಹುಡುಗನೊಬ್ಬ ಈಗ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಮರುದಿನ ಟೀ ಅಂಗಡಿಯ ಮುಂದೆ ಸಿಕ್ಕ. ಏನಪ್ಪಾ, ಸಭೆಗೆ ಬರಲಿಲ್ಲವಲ್ಲ ಎಂದೆವು. ಹುಡುಗ ತಲೆ ಕೆರೆದುಕೊಂಡು ಹೇಳಿದ:

“ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೀಟಿಂಗಿಗೆ ನಾಲ್ಕು ವರ್ಷದಿಂದ ಬರ್ತಾ ಇದ್ದೀನಿ. ‘ಅರ್ಜಿ ಕೊಟ್ಟಿದ್ದೀವಿ, ನೋಡೋಣ’ ಅನ್ನೋದು ಬಿಟ್ಟು ಬೇರೆ ಮಾತು ಕೇಳಿಲ್ಲ. ಅಲ್ಲಿ ಮೂರು ಗಂಟೇಲಿ ಎಲ್ಲಾ ತೀರ್ಮಾನ ಆಗೋಗುತ್ತೆ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಟೀ ಕುಡಿದು ಬಂದೆವು. ಆದರೆ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ. ನಮ್ಮ ಬಳಗದಲ್ಲಿ ಇಂಥ ಸಂದರ್ಭಕ್ಕೆಂದು ತಯಾರಾಗಿರುವ ಉಪದೇಶವೊಂದಿದೆ: ಸಿನಿಮಾ ಎಂಬುದು ಅಮಲು, ಬಂಡವಾಳಗಾರರು ಜನರ ಕಣ್ಣಿಗೆ ಎರಚುವ ಮಣ್ಣು, ಇತ್ಯಾದಿ. ಇದನ್ನು ಹೇಳುವವರಲ್ಲಿ ಬಹುಮಂದಿ ಆ ಚಿತ್ರವನ್ನು ನೋಡಿಯೇ ಇರುವುದಿಲ್ಲ. ನಾವು ನೋಡಿದ್ದೇವೆ. ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು ಬಂದಾಗ, ಮಾಗಡಿ ರಸ್ತೆಯ ಒಂದು ಚಿತ್ರಮಂದಿರದಲ್ಲಿ, ರಾತ್ರಿಯ ಆಟಕ್ಕೆ, ಇದೇ ಹುಡುಗರ ನಡುವೆ ಕುಳಿತು ನೋಡಿದೆವು. ಮುಚ್ಚಿಡುವುದೇಕೆ, ಒಂದೆರಡು ಕಡೆ ನಾವೂ ಶಿಳ್ಳೆ ಹಾಕಿದೆವು.

ಕಥೆ ಓದುಗರಿಗೆ ತಿಳಿದದ್ದೇ. ಬಡ ತಾಯಿ ಸಾಯುವ ಮುನ್ನ ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ. ಹೇಗೆ ಬದುಕಿದರೂ ಸರಿ, ಸಾಯುವಾಗ ಸಿರಿವಂತನಾಗಿ ಸಾಯಬೇಕು. ಹುಡುಗ ಬೊಂಬಾಯಿಗೆ ಹೋಗಿ ಬೂಟು ಪಾಲಿಷ್ ಮಾಡುತ್ತಾನೆ, ದೊಡ್ಡ ರೌಡಿಯಾಗುತ್ತಾನೆ, ರಾಕಿ ಎಂದು ಹೆಸರು ಪಡೆಯುತ್ತಾನೆ. ಒಬ್ಬನನ್ನು ಮುಗಿಸುವ ಕೆಲಸ ಒಪ್ಪಿಕೊಂಡು ಕೋಲಾರದ ಕಡೆಯ ನರಾಚಿ ಎಂಬ ಕಲ್ಪನೆಯ ಚಿನ್ನದ ಗಣಿಗೆ ನುಗ್ಗುತ್ತಾನೆ. ಅಲ್ಲಿ ಸಾವಿರಾರು ಜನ ಗುಲಾಮರು. ಸಂಬಳವಿಲ್ಲ, ಹೊರಗೆ ಹೋಗುವ ದಾರಿಯಿಲ್ಲ, ಬಿದ್ದವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಕಣ್ಣು ಕಾಣದ ಮುದುಕನೊಬ್ಬನನ್ನು ಕೊಲ್ಲಲು ಹೊರಟ ಕಾವಲುಗಾರರನ್ನೆಲ್ಲ ರಾಕಿ ಒಬ್ಬನೇ ಬಡಿದು ಹಾಕುತ್ತಾನೆ. ಆ ಹೊತ್ತಿಗೆ ಚಿತ್ರಮಂದಿರ ಎದ್ದು ನಿಲ್ಲುತ್ತದೆ. ಅವನಿಗೆ ಎಷ್ಟು ಏಟು ಬಿದ್ದರೂ ಸಾಯುವುದಿಲ್ಲ. ರೆಕ್ಕೆಯಿಲ್ಲ, ಹಾರುವುದಿಲ್ಲ ಎಂಬುದನ್ನು ಬಿಟ್ಟರೆ ಇಂಗ್ಲಿಷ್ ಚಿತ್ರಗಳ ಅತಿಮಾನುಷ ವೀರರಿಗೂ ಇವನಿಗೂ ವ್ಯತ್ಯಾಸವಿಲ್ಲ.

ನಮ್ಮ ಹುಡುಗರು ಎದ್ದು ನಿಂತದ್ದು ಯಾವುದಕ್ಕೆ? ಹೊಡೆದಾಟ ನೂರು ಚಿತ್ರಗಳಲ್ಲಿದೆ. ಅದಕ್ಕಷ್ಟೇ ಅಲ್ಲ. ಆ ಪರದೆಯ ಮೇಲೆ ಮಸಿ ಮೆತ್ತಿದ ಮುಖಗಳಿದ್ದವು, ಗುದ್ದಲಿ ಹಿಡಿದ ಕೈಗಳಿದ್ದವು, ಮೇಲ್ವಿಚಾರಕನ ಬೈಗುಳವಿತ್ತು. ಮದುವೆ ಮನೆ, ಕಾಲೇಜು, ವಿದೇಶದ ಹಾಡು ಇವುಗಳಲ್ಲೇ ಮುಳುಗಿದ್ದ ನಮ್ಮ ಚಿತ್ರಗಳಲ್ಲಿ ದುಡಿಯುವ ಮನುಷ್ಯನ ಮೈಮೇಲಿನ ಧೂಳನ್ನು ಅಷ್ಟು ದೊಡ್ಡದಾಗಿ ತೋರಿಸಿ ಎಷ್ಟು ಕಾಲವಾಗಿತ್ತು! ಇನ್ನು ಆ ತಾಯಿ. ಬೊಂಬಾಯಿಯ ರಸ್ತೆಯಲ್ಲಿ ಕಂಕುಳಲ್ಲಿ ಕೂಸಿರುವ ಹೆಂಗಸೊಬ್ಬಳು ಬಿದ್ದ ಬನ್ನು ಎತ್ತಿಕೊಳ್ಳಲಾಗದೆ ನಿಂತಾಗ, ರಾಕಿ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿ ಅದನ್ನು ಎತ್ತಿಕೊಡುತ್ತಾನೆ. ನಮ್ಮ ಪಕ್ಕದಲ್ಲಿದ್ದ ಹುಡುಗ ಕಣ್ಣೊರೆಸಿಕೊಂಡ. ಅವನ ತಾಯಿ ಹದಿನೈದು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದವಳು. ಆ ನಟನೂ ಆಕಾಶದಿಂದ ಇಳಿದವನಲ್ಲ. ಯಶ್ ಸಾರಿಗೆ ಬಸ್ಸಿನ ಚಾಲಕರೊಬ್ಬರ ಮಗ, ಹಾಸನದ ಭುವನಹಳ್ಳಿಯವರು, ಬೆಂಗಳೂರಿಗೆ ಬಂದು ನಾಟಕ ತಂಡದಲ್ಲಿ ದುಡಿದವರು. ನಮ್ಮ ಹುಡುಗರಿಗೆ ಇದೆಲ್ಲ ಬಾಯಿಪಾಠ. ‘ನಮ್ಮವನೊಬ್ಬ ಗೆದ್ದ’ ಎಂಬುದು ಸಣ್ಣ ಸಂತೋಷವಲ್ಲ. ಅದನ್ನು ಹಾಸ್ಯ ಮಾಡುವವರು ಕೂಲಿಕಾರರ ನಡುವೆ ಕೆಲಸ ಮಾಡಲಾರರು.

ಹಾಗಾದರೆ ನಮ್ಮ ತಕರಾರೇನು?

ನಮ್ಮ ಹಳ್ಳಿಗಳ ಕಡೆ ಬಯಲಾಟದಲ್ಲಿ ಬಕಾಸುರನ ಕಥೆ ಆಡುತ್ತಿದ್ದರು. ಏಕಚಕ್ರನಗರದ ಜನ ರಾಕ್ಷಸನಿಗೆ ದಿನಕ್ಕೊಂದು ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯ ಎಂದು ಸರದಿ ಗೊತ್ತುಮಾಡಿಕೊಂಡಿದ್ದರು. ಸಾಯುವುದಕ್ಕೂ ಪಾಳಿ! ಮನೆಮನೆಗೆ ನ್ಯಾಯವಾಗಿ ಸರದಿ ಹಂಚುವಷ್ಟು ಒಗ್ಗಟ್ಟಿದ್ದ ಆ ಊರು, ರಾಕ್ಷಸನ ಮೇಲೆ ಏಳುವಷ್ಟು ಒಗ್ಗಟ್ಟು ಮಾಡಲಿಲ್ಲ. ಹೊರಗಿನಿಂದ ಭೀಮ ಬಂದ, ಅನ್ನ ತಾನೇ ಉಂಡ, ಬಕನನ್ನು ಕೊಂದ, ಹೊರಟುಹೋದ. ನರಾಚಿಯ ಕಥೆಯೂ ಇದೇ. ಆದರೆ ಒಂದು ವ್ಯತ್ಯಾಸವುಂಟು. ಭೀಮ ಬಕನ ಗುಹೆಯಲ್ಲಿ ಉಳಿಯಲಿಲ್ಲ. ರಾಕಿ ಉಳಿದ. ಎರಡನೆಯ ಅಧ್ಯಾಯದಲ್ಲಿ ಗಣಿಯ ಒಡೆತನ ಅವನದೇ. ಜನರಿಗೆ ಮನೆ ಕಟ್ಟಿಸುತ್ತಾನೆ, ಹೊಟ್ಟೆಗೆ ಹಾಕುತ್ತಾನೆ, ಅದು ನಿಜ. ಆದರೆ ಅಗೆಯುವುದು ನಿಲ್ಲಿಸಿ ಎನ್ನುವುದಿಲ್ಲ. ಇನ್ನೂ ಅಗೆಯಿರಿ ಎನ್ನುತ್ತಾನೆ. ಒಡೆಯ ಬದಲಾದ, ಗುದ್ದಲಿ ಹಿಡಿದ ಕೈ ಬದಲಾಗಲಿಲ್ಲ. ಕೊನೆಗೆ ಅಷ್ಟೂ ಚಿನ್ನವನ್ನು ಹಡಗಿಗೆ ತುಂಬಿಕೊಂಡು ಅವನು ಸಮುದ್ರದ ಪಾಲಾಗುತ್ತಾನೆ. ಅಗೆದವರಿಗೆ ಅದರಲ್ಲಿ ಒಂದು ಗುಲಗಂಜಿಯಷ್ಟು ಪಾಲುಂಟೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಪಕ್ಕದ ಹುಡುಗನೂ ಕೇಳಲಿಲ್ಲ.

ಇಲ್ಲೊಂದು ವಿಚಿತ್ರ ಸಂಗತಿ. ಅಮೆರಿಕದ ಅತಿಮಾನುಷ ವೀರರಲ್ಲಿ ಹಿರಿಯನಾದ ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿದ. ಆಗ ಅಲ್ಲಿ ನಿರುದ್ಯೋಗದ ಕಾಲ. ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಬಡ ಯುವಕರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್, ಅವನನ್ನು ಚಿತ್ರಕಥೆಯಾಗಿ ಬರೆದರು. ಅದೇ ವರ್ಷದ ಮೂರನೆಯ ಸಂಚಿಕೆಯಲ್ಲಿ ಅವನು ಇಳಿದದ್ದು ಒಂದು ಗಣಿಗೆ! ಗಣಿ ಕುಸಿದು ಕೂಲಿಕಾರ ಊನವಾಗಿರುತ್ತಾನೆ, ಮಾಲೀಕ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸೂಪರ್‌ಮ್ಯಾನ್ ಕೂಲಿಯವನ ವೇಷದಲ್ಲಿ ಹೋಗಿ ಆ ಮಾಲೀಕನನ್ನೂ ಅವನ ಶ್ರೀಮಂತ ಗೆಳೆಯರನ್ನೂ ಅದೇ ಸುರಂಗದಲ್ಲಿ ಸಿಕ್ಕಿಸುತ್ತಾನೆ. ಗುದ್ದಲಿ ಹಿಡಿದಾಗ ಮಾಲೀಕನಿಗೆ ಬುದ್ಧಿ ಬರುತ್ತದೆ. ನಾವು ಇದನ್ನು ಓದಿದಾಗ ನಕ್ಕೆವು, ಆದರೆ ಮೆಚ್ಚಿದೆವು ಕೂಡ. ಆ ವೀರನನ್ನು ಹುಟ್ಟಿಸಿದ ಇಬ್ಬರ ಗತಿ ಏನಾಯಿತೆಂದರೆ, 130 ಡಾಲರಿಗೆ ಹಕ್ಕನ್ನೆಲ್ಲ ಪ್ರಕಾಶಕರಿಗೆ ಬರೆದುಕೊಟ್ಟು, ಮುಪ್ಪಿನ ತನಕ ಅಲೆದು, 1975ರಲ್ಲಿ ಪತ್ರಿಕೆಗಳಲ್ಲಿ ಗುಲ್ಲೆದ್ದ ಮೇಲೆ ವರ್ಷಕ್ಕೆ 20,000 ಡಾಲರ್ ಪಿಂಚಣಿ ಪಡೆದರು. ಅವರ ಪಾಲಿಗೆ ಸೂಪರ್‌ಮ್ಯಾನ್ ಬರಲಿಲ್ಲ.

2008ರ ಹೊತ್ತಿಗೆ ಕಾಲ ಬದಲಾಗಿತ್ತು. ಅಲ್ಲಿ ಹೊಸ ಸರಣಿಗೆ ನಾಂದಿ ಹಾಡಿದ ‘ಐರನ್ ಮ್ಯಾನ್’ ಚಿತ್ರದಲ್ಲಿ ವೀರನೇ ಮದ್ದುಗುಂಡಿನ ಕಾರ್ಖಾನೆಯ ಒಡೆಯ. ನಮ್ಮಲ್ಲಿಯೂ ಇದೇ ಜಾಡು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜಕುಮಾರ್ ಬಂಡೆಗಲ್ಲಿನ ನೆಲವನ್ನು ತಾನೇ ಹದ ಮಾಡಿ ಹೊಲ ಮಾಡಿದರು. ಅದನ್ನು ನೋಡಿ ಪೇಟೆ ಬಿಟ್ಟು ಊರಿಗೆ ಹಿಂದಿರುಗಿದವರುಂಟು ಎಂದು ಹಿರಿಯರು ಹೇಳುತ್ತಾರೆ. ರಾಕಿಯನ್ನು ನೋಡಿ ಯಾರೂ ಗಣಿಗೆ ಹೋಗಲಾರರು. ಹೋಗಲು ಗಣಿಯೇ ಇಲ್ಲ.

ಈ ಕೊನೆಯ ಮಾತೇ ನಮ್ಮ ತಕರಾರಿನ ಬೇರು. ಕೆ.ಜಿ.ಎಫ್. ಎಂಬುದು ಸಿನಿಮಾದ ಹೆಸರಾಗುವ ಮುಂಚೆ ಒಂದು ಊರಿನ ಹೆಸರು. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಊರು. ಮೂಡಲಪಾಳ್ಯದ ಶಾಲಾ ಮಕ್ಕಳನ್ನು ಕೇಳಿನೋಡಿದೆವು: ಕೆ.ಜಿ.ಎಫ್. ಎಂದರೇನು? ರಾಕಿ ಭಾಯ್ ಎಂದರು. ಕೋಲಾರದ ಹೆಸರು ಹೇಳಿದ ಮಗು ಒಂದೂ ಇಲ್ಲ.

1880ರ ದಶಕದಿಂದ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪನಿ ಅಲ್ಲಿ ಚಿನ್ನ ತೆಗೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು. ಒಂದು ಕಾಲಕ್ಕೆ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿದರು. ಉತ್ತರ ಆರ್ಕಾಟಿನಿಂದ, ಸೇಲಮ್ಮಿನಿಂದ, ಚಿತ್ತೂರಿನಿಂದ ಬಂದವರು, ಬಹುಪಾಲು ದಲಿತರು. ಊರಿನ ಜಮೀನ್ದಾರನ ಜೀತಕ್ಕಿಂತ ಸುರಂಗದ ಕತ್ತಲೆ ಮೇಲೆಂದು ಬಂದವರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಎದೆರೋಗದಿಂದ ಸತ್ತರು. ಎಂಟು ನೂರು ಟನ್ನಿನಷ್ಟು ಚಿನ್ನ ಹೊರಗೆ ಹೋಯಿತು.

ಆದರೆ ಅವರು ನರಾಚಿಯ ಜನರ ಹಾಗೆ ರಾಕಿಗಾಗಿ ಕಾದು ಕುಳಿತಿರಲಿಲ್ಲ. ಇದನ್ನು ನಮ್ಮ ಹುಡುಗರಿಗೆ ಹೇಗೆ ತಿಳಿಸುವುದು? 1930ರಲ್ಲಿ ಕಂಪನಿಯವರು ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆಯಬೇಕೆಂದು ಹೊರಟಾಗ, ನಮ್ಮನ್ನು ಕಳ್ಳರೆಂದುಕೊಂಡಿರಾ ಎಂದು ಗಣಿಗೆ ಗಣಿಯೇ ಮುಷ್ಕರ ಹೂಡಿತು. ಆಗ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಮುಂದೆ ಕೆ. ಎಸ್. ವಾಸನ್ ಅವರಂಥವರು ಅಲ್ಲಿ ಸಂಘ ಕಟ್ಟಿದರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, ಆಮೇಲೆ ಕೇಂದ್ರದ ಕೈಗೆ ಹೋದವು. ಚಿತ್ರದಲ್ಲಿ ರಾಕಿ ಗಣಿಗೆ ನುಗ್ಗುವುದು 1970ರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ನಿಜವಾದ ಗಣಿಯಲ್ಲಿ ಸರ್ಕಾರಿ ಸಂಬಳವಿತ್ತು, ಯೂನಿಯನ್ ಇತ್ತು, ಗೇಟಿನ ಮುಂದೆ ಭಾಷಣವಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. ಅವರ ಮಕ್ಕಳು ಇಂದು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ನಮ್ಮ ಓದುಗರಲ್ಲಿ ಹಲವರ ಪಕ್ಕದ ಮೆಷಿನ್ನಿನಲ್ಲಿ ಅವರಿದ್ದಾರೆ. ಚಿತ್ರ ತೆಗೆದದ್ದು ಅದೇ ಊರಿನ ಸೈನೈಡ್ ದಿಬ್ಬಗಳ ಮೇಲೆ. ಗಾಳಿಯ ತಿಂಗಳಲ್ಲಿ ಆ ದಿಬ್ಬದ ಧೂಳು ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ.

ಕಲ್ಪನೆಯ ಕಥೆಗೆ ಇತಿಹಾಸದ ಲೆಕ್ಕ ಕೇಳಬಾರದೆಂದು ಯಾರಾದರೂ ಹೇಳಬಹುದು. ಒಪ್ಪಿದೆವು. ಆದರೆ ಊರಿನ ಹೆಸರನ್ನು ಬಳಸಿಕೊಂಡು, ಆ ಊರಿನವರು ತಾವೇ ಎದ್ದು ನಿಂತದ್ದನ್ನು ಮಾತ್ರ ಬಿಟ್ಟುಬಿಟ್ಟರೆ, ನೋಡಿದವನ ತಲೆಯಲ್ಲಿ ಉಳಿಯುವುದೇನು? ಕೂಲಿಕಾರರೆಂದರೆ ಅಳುವವರು, ಕಾಯುವವರು, ಕೊನೆಗೆ ಜೈಕಾರ ಹಾಕುವವರು. 2024ರ ಆಗಸ್ಟಿನಲ್ಲಿ ಅದೇ ಗಣಿಯ ದಲಿತ ಕೂಲಿಕಾರರನ್ನೇ ಮುಂದಿಟ್ಟುಕೊಂಡು ಪ. ರಂಜಿತ್ ‘ತಂಗಲಾನ್’ ಎಂಬ ತಮಿಳು ಚಿತ್ರ ಮಾಡಿದರು. ಅದು ರಾಕಿಯ ಹಾಗೆ ಓಡಲಿಲ್ಲ.

ವ್ಯಾಪಾರದ ಮಾತಿಗೆ ಬರೋಣ. ನಮ್ಮ ಓದುಗರಲ್ಲಿ ಅಂಗಡಿಯವರಿದ್ದಾರೆ, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಒಂದು ಸಿನಿಮಾ ಎಂದರೆ ಒಂದು ಬೆಳೆ. ಬಂದರೆ ಬಂತು, ಹೋದರೆ ಹೋಯಿತು. ಈಗಿನದು ತೋಟ. ಮೊದಲ ಚಿತ್ರದ ಹೆಸರಿನಲ್ಲೇ ‘ಅಧ್ಯಾಯ 1’ ಎಂದು ಬರೆದಿರುತ್ತಾರೆ. ನೋಡುಗ ಟಿಕೆಟ್ಟಿನ ಜೊತೆಗೆ ಮುಂದಿನ ಕಂತಿನ ಸಾಲವನ್ನೂ ಕೊಂಡ ಹಾಗೆ. ಎರಡನೆಯ ಅಧ್ಯಾಯ ಸಾವಿರ ಕೋಟಿ ರೂಪಾಯಿಗೂ ಮೀರಿ ಬಾಚಿತೆಂದು ಎಲ್ಲ ಪತ್ರಿಕೆಗಳೂ ಬರೆದವು. ಅದರ ಕೊನೆಯಲ್ಲಿ ಮೂರನೆಯದರ ಸೂಚನೆ. ಇದೇ ಹೊಂಬಾಳೆ ಸಂಸ್ಥೆ 2025ರಲ್ಲಿ ‘ಮಹಾವತಾರ’ ಎಂಬ ಏಳು ಚಿತ್ರಗಳ ಸರಣಿಯನ್ನು ಸಾರಿತು. ಮೊದಲನೆಯದಾದ ನರಸಿಂಹಾವತಾರ ಆ ವರ್ಷದ ಜುಲೈ 25ರಂದು ಬಂತು, ಏಳನೆಯದಕ್ಕೆ ಗೊತ್ತು ಮಾಡಿರುವ ವರ್ಷ 2037. ಸುಂಕದಕಟ್ಟೆಯ ಹೆಣ್ಣುಮಗಳಿಗೆ ಮುಂದಿನ ತಿಂಗಳು ಕೆಲಸ ಇರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅವಳ ಮಗ 2037ರಲ್ಲಿ ಯಾವ ಚಿತ್ರಕ್ಕೆ ದುಡ್ಡು ಕೊಡಬೇಕೆಂಬುದು ಮಾತ್ರ ಗೊತ್ತಾಗಿದೆ!

ಆ ದುಡ್ಡು ಹರಿಯುವ ಕಾಲುವೆಯೂ ಬೇರೆಯಾಗಿದೆ. ಮಾಗಡಿ ರಸ್ತೆಯ ಹಳೆಯ ಚಿತ್ರಮಂದಿರದ ಸುತ್ತ ಕಡಲೆಕಾಯಿಯವನು, ಸೈಕಲ್ ಸ್ಟ್ಯಾಂಡಿನವನು, ಹೂವಿನವಳು, ಬೋಂಡದ ಗಾಡಿಯವನು ನಾಲ್ಕು ಕಾಸು ಕಾಣುತ್ತಿದ್ದರು. ಮಾಲಿನೊಳಗಿನ ಚಿತ್ರಮಂದಿರದಲ್ಲಿ ಜೋಳದ ಅರಳನ್ನೂ ಮಾಲೀಕನೇ ಮಾರುತ್ತಾನೆ. ಆ ಮಾಲುಗಳಾದರೂ ಎದ್ದದ್ದು ಎಲ್ಲಿ? ಸಂಪಿಗೆ ರಸ್ತೆಯಲ್ಲಿ ರಾಜಾ ಮಿಲ್ಲಿನ ನೆಲದ ಮೇಲೆ, ಬಿನ್ನಿಪೇಟೆಯಲ್ಲಿ ಬಿನ್ನಿ ಮಿಲ್ಲಿನ ನೆಲದ ಮೇಲೆ. ಅಪ್ಪ ನೂಲು ತೆಗೆದ ಜಾಗದಲ್ಲಿ ಮಗ ಟಿಕೆಟ್ ತೆಗೆಯುತ್ತಾನೆ. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಜನ ರೊಚ್ಚಿಗೆದ್ದ ಮೇಲೆ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು 2025ರ ಸೆಪ್ಟೆಂಬರ್ 12ರಂದು ನಿಯಮ ಬಂತು. ಹನ್ನೊಂದೇ ದಿನದಲ್ಲಿ ಹೈಕೋರ್ಟಿನಿಂದ ಮಧ್ಯಂತರ ತಡೆಯಾಜ್ಞೆಯೂ ಬಂತು. ಹಣವಿದ್ದವರ ಅರ್ಜಿಗೆ ಎಷ್ಟು ಬೇಗ ಉತ್ತರ!

ಬರೆಯಲು ಕೈ ಬರದ ಒಂದು ಸಂಗತಿ ಉಳಿದಿದೆ. 2024ರ ಜನವರಿ 8, ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೊರಣಗಿ ಎಂಬ ಹಳ್ಳಿಯಲ್ಲಿ ನಡುರಾತ್ರಿ ಅವರ ಕಟೌಟು ನಿಲ್ಲಿಸಲು ಹೋದ ಮೂವರು ಹುಡುಗರು ವಿದ್ಯುತ್ ತಂತಿ ತಗುಲಿ ಸತ್ತರು. ಇಪ್ಪತ್ತು, ಇಪ್ಪತ್ತೊಂದರ ಆಸುಪಾಸಿನವರು. ಯಶ್ ಆ ದಿನವೇ ಆ ಮನೆಗಳಿಗೆ ಹೋದರು, ಹೀಗೆ ಅಭಿಮಾನ ತೋರಿಸಬೇಡಿ ಎಂದು ಕೇಳಿಕೊಂಡರು. ಅವರನ್ನು ನಾವು ದೂರುವುದಿಲ್ಲ. ಆದರೆ ಆ ಮೂವರೂ ಸೇರಿ ಆ ಚಳಿಯ ರಾತ್ರಿಯಲ್ಲಿ ಕಂಬ ಎತ್ತಿದರಲ್ಲ, ಆ ಒಗ್ಗಟ್ಟು, ಆ ನಿದ್ದೆಗೆಟ್ಟ ದುಡಿಮೆ, ಅದು ಯಾರಿಗೂ ಸಂಬಳ ಕೊಟ್ಟು ಸಿಗುವುದಲ್ಲ. ನಮ್ಮ ಸಭೆಗೆ ಕುರ್ಚಿ ಹಾಕಲೂ ಅದರಲ್ಲಿ ಕಾಲುಪಾಲು ಸಿಕ್ಕಿದ್ದಿಲ್ಲ.

ಏಕೆ ಸಿಕ್ಕಿಲ್ಲ? ಹುಡುಗರು ಕೆಟ್ಟರು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. 2016ರ ಏಪ್ರಿಲ್ 18 ಮತ್ತು 19 ನೆನಪಾದರೆ ಹಾಗೆ ಹೇಳಲು ನಾಲಗೆ ಏಳುವುದಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲನ್ನು 58 ವಯಸ್ಸಿನ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನ ಹೆಂಗಸರು ಮೆಷಿನ್ ಬಿಟ್ಟು ಎದ್ದರು. ಹೊಸೂರು ರಸ್ತೆಯಲ್ಲಿ ಶುರುವಾದದ್ದು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್, ಪೀಣ್ಯದವರೆಗೆ ಹಬ್ಬಿತು. ಸಾವಿರ ಸಾವಿರ ಜನ. ಊರು ಎರಡು ದಿನ ನಿಂತುಹೋಯಿತು. ಲಾಠಿ ಬಿತ್ತು, ಅಶ್ರುವಾಯು ಬಿತ್ತು, ಬಸ್ಸುಗಳು ಉರಿದವು, ಅದನ್ನು ನಾವು ಒಪ್ಪುವುದಿಲ್ಲ. ಎರಡನೆಯ ದಿನದ ಸಂಜೆ ದೆಹಲಿಯ ಮಂತ್ರಿಗಳು ನಿಯಮ ವಾಪಸು ಎಂದು ಸಾರಿದರು. ಇಡೀ ದೇಶದ ಕೂಲಿಕಾರರಿಗೆ ಅದರ ಫಲ ಸಿಕ್ಕಿತು. ಇದಕ್ಕೆ ನಾಯಕ ಯಾರು? ಯಾರೂ ಇಲ್ಲ. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ನಾವು ಸುದ್ದಿ ತಿಳಿದು, ಬ್ಯಾನರು ಹುಡುಕಿಕೊಂಡು ಹೊರಡುವ ಹೊತ್ತಿಗೆ ಅವರು ಗೆದ್ದು ಮನೆಗೆ ಹೋಗಿ ಒಲೆ ಹಚ್ಚಿದ್ದರು.

ಲೇತ್ ಹುಡುಗನ ತಾಯಿ ಆ ದಿನ ರಸ್ತೆಯಲ್ಲಿದ್ದಳು. ಮಗನಿಗೆ ಇದು ಗೊತ್ತೇ ಇಲ್ಲ! ಅವಳು ಹೇಳಿಲ್ಲ. ಹೇಳುವಂಥದ್ದು ಎಂದು ಅವಳಿಗೆ ಅನ್ನಿಸಿಲ್ಲ. ನಾವೂ ಹೇಳಿರಲಿಲ್ಲ. ನಾವು ಅವನಿಗೆ ಹೇಳಿದ್ದು ನಿಯಮ, ಕಲಮು, ಅರ್ಜಿಯ ನಮೂನೆ. ರಾಕಿಯ ತಾಯಿಯ ಕಥೆಯನ್ನು ಬಲ್ಲವನಿಗೆ ತನ್ನ ತಾಯಿಯ ಕಥೆ ತಿಳಿಯದೆ ಹೋದದ್ದು ಯಾರ ತಪ್ಪು? ಚಿತ್ರ ತೆಗೆದವರದ್ದಲ್ಲ.

ಕಳೆದ ತಿಂಗಳ ಸಭೆಯಲ್ಲಿ ನಾವು ಅರ್ಜಿಯ ಮಾತು ಅರ್ಧಕ್ಕೆ ನಿಲ್ಲಿಸಿ, ಆ ತಾಯಿಯನ್ನೇ ಮಾತಾಡಲು ಕೇಳಿಕೊಂಡೆವು. ಮೊದಲು ನಾಚಿಕೊಂಡಳು. ಆಮೇಲೆ ಜಾಲಹಳ್ಳಿ ಕ್ರಾಸಿನಲ್ಲಿ ಚಪ್ಪಲಿ ಕಳೆದುಕೊಂಡದ್ದು, ಯಾರೋ ಅಂಗಡಿಯವರು ನೀರು ಕೊಟ್ಟದ್ದು, ಪೊಲೀಸಿನ ಹೆಂಗಸೊಬ್ಬಳು “ಹೋಗಮ್ಮ, ಬೇಗ ಹೋಗು” ಎಂದು ಬೆನ್ನು ತಟ್ಟಿ ಬಿಟ್ಟದ್ದು, ಎಲ್ಲ ಹೇಳಿದಳು. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಬರುವ ತಿಂಗಳ ಎರಡನೆಯ ಭಾನುವಾರ ಮೆಜೆಸ್ಟಿಕ್ಕಿನಿಂದ ರೈಲಿನಲ್ಲಿ ಮಾರಿಕುಪ್ಪಂಗೆ ಹೋಗುವುದೆಂದು ಗೊತ್ತಾಗಿದೆ. ಬುತ್ತಿ ಅವರವರದೇ. ಅಲ್ಲಿನ ಹಳೆಯ ಗಣಿ ಕಾರ್ಮಿಕರ ಮನೆಗಳಿಗೆ ಹೋಗಿ, ಅವರ ಬಾಯಿಂದಲೇ ಕೇಳಿ ಬರುವುದು. ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ಲೇತ್ ಹುಡುಗನೂ ಕೊಟ್ಟಿದ್ದಾನೆ. ಹೆಸರು ಬರೆಸುವಾಗ ಒಂದು ಮಾತು ಕೇಳಿದ:

“ಮೇಷ್ಟ್ರೇ, ಸಿನಿಮಾ ತೆಗೆದ ಜಾಗಾನೂ ತೋರಿಸ್ತೀರ ತಾನೆ?”

ತೋರಿಸುತ್ತೇವೆ ಎಂದೆವು.